ಹಸಿರು ಶಾಯಿಯಲ್ಲಿ ಒಪ್ಪಿಗೆಯಾದ ಜಾಲತಾಣ

ಅರ್ಜಿ ಹಾಕಲು ಬಂದವರಿಗೆ ಅರ್ಜಿ ಹಾಕಲಾಗದಂಥ ಜಾಲತಾಣವೊಂದನ್ನು ಕಟ್ಟಿಸಿ, ಆಮೇಲೆ ಅರ್ಜಿ ಹಾಕಲಿಲ್ಲವೆಂಬ ಕಾರಣ ಕೊಟ್ಟು ಅವರನ್ನು ಹೊರಗಿಟ್ಟವರು ನೀವು. ಬೇಲೂರು–ಹಳೇಬೀಡಿನ ಮಾರ್ಗದರ್ಶಿಗಳ ನೋಂದಣಿ ಸಮಿತಿಯ ಮೇಲೆ ನನ್ನ ಆರೋಪ ಇದು. ಇದನ್ನೇ ಮೆತ್ತಗೆ ಹೇಳುವುದು ನನಗೆ ತಿಳಿಯದ ವಿದ್ಯೆಯಲ್ಲ. ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು, ಎದ್ದು, ಮತ್ತೆ ಕೂತು, ಮೆತ್ತಗೆ ಹೇಳಿಯೂ ನೋಡಿದ್ದೇನೆ. ನಡೆದದ್ದು ನಿರ್ಲಕ್ಷ್ಯವೋ ಉದ್ದೇಶವೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಅನುಮಾನ ಮಾತ್ರ ಹೋಗಿಲ್ಲ. ಅದು ಎಲ್ಲಿ ಹುಟ್ಟಿತು, ಎಲ್ಲಿ ದಾರಿ ತಪ್ಪಿತು, ಎಲ್ಲಿ ಬಂದು ನಿಂತಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ತೀರ್ಮಾನ ಓದುವವರದು.

ನನ್ನ ಅಕ್ಕ ಮದುವೆಯಾಗಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಹೋದವಳು. ಅರಸೀಕೆರೆಯ ಕಾಲೇಜಿನಲ್ಲಿ ಇತಿಹಾಸ ಓದಿ ಪದವಿ ಪಡೆದಿದ್ದಳು. ಭಾವ ಜಾವಗಲ್ಲಿನ ಶಾಲೆಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಅವರು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಅಕ್ಕನೊಬ್ಬಳೇ. ನಡೆದು ಹೋಗುವಷ್ಟು ದೂರದಲ್ಲಿ ಬಸದಿಗಳು. ದೊಡ್ಡ ಗುಡಿಯನ್ನು ನೋಡಿ ಮುಗಿಸಿದ ಪ್ರವಾಸಿಗಳಲ್ಲಿ ಕೆಲವರು ಆ ಕಡೆಗೂ ಬರುತ್ತಿದ್ದರು, ಬಂದವರಿಗೆ ಹೇಳುವವರು ಇರುತ್ತಿರಲಿಲ್ಲ. ಒಮ್ಮೆ ಯಾವುದೋ ಕುಟುಂಬ ದಾರಿ ಕೇಳಿತು; ಅಕ್ಕ ದಾರಿಯ ಜೊತೆಗೆ ಬಸದಿಯ ಚರಿತ್ರೆಯನ್ನೂ ಹೇಳಿದಳು. ಅವರು ನಿಂತು ಕೇಳಿದರು. ಮಾರನೆಯ ದಿನ ಅವಳು ಯಾರೂ ಕೇಳದಿದ್ದರೂ ಅಲ್ಲಿಗೆ ಹೋದಳು.

ಕ್ರಮೇಣ ಅದು ಅವಳ ಕೆಲಸವಾಯಿತು. ಕನ್ನಡಿಯಂತೆ ಹೊಳೆಯುವ ಕಂಬಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಮುಖ ಎಲ್ಲಿ ತಲೆಕೆಳಗಾಗುತ್ತದೆ ಹುಡುಕಿ ಎಂದು ಬಿಟ್ಟು, ಅಷ್ಟರಲ್ಲಿ ದೊಡ್ಡವರಿಗೆ ಶಾಸನದ ವಿಷಯ ಹೇಳುತ್ತಿದ್ದಳು. ಹೆಂಗಸರು, ವಯಸ್ಸಾದವರು ಅವಳ ಹಿಂದೆ ನೆಮ್ಮದಿಯಿಂದ ನಡೆಯುತ್ತಿದ್ದರು. ದೊಡ್ಡ ಗುಡಿಯ ಬಾಗಿಲಲ್ಲಿ ಸರದಿಯಂತೆ ಪ್ರವಾಸಿಗಳನ್ನು ಕರೆದೊಯ್ಯುವ ಗಂಡಸು ಗೈಡುಗಳಿಗೆ ಇದು ಹಿಡಿಸಲಿಲ್ಲ.

“ಏನಮ್ಮ ಪ್ರೊಫೆಸರ್ರು, ಬಸ್ತಿ ಬಿಟ್ಟು ಈ ಕಡೆ ಕಾಲಿಕ್ಕಬ್ಯಾಡ. ಇಲ್ಲಿ ಸರದಿ ಐತೆ, ಕಾರ್ಡ್ ಐತೆ,” ಎಂದು ಅವರಲ್ಲೊಬ್ಬ ಹಿರಿಯ ನನ್ನ ಮುಂದೆಯೇ ಹೇಳಿದ್ದ.

“ಕಾರ್ಡು ನಿಮ್ಮಪ್ಪನ ಮನೇಲಿ ಅಚ್ಚಾಗುತ್ತಾ ಅಣ್ಣ?” ಎಂದಳು ಅಕ್ಕ ನಗುತ್ತಲೇ. “ಬರ್ಲಿ ಬಿಡಿ, ಬಂದ್ಮೇಲೆ ನಿಮ್ಮ ಹಿಂದೇನೇ ನಿಂತ್ಕತೀನಿ.”

ಆತನೂ ನಕ್ಕ. ಅಕ್ಕ ಮಾತ್ರ ನಗೆಯೊಳಗೆ ನಿಜವನ್ನೇ ಹೇಳಿದ್ದಳು. ಆ ಸರದಿಯಲ್ಲಿ ನಿಲ್ಲುವುದೊಂದೇ ಆಗ ಅವಳ ಆಸೆ.

ಅವಕಾಶ ಬಂದಂತೆಯೇ ಕಂಡಿತು. ಮಾರ್ಗದರ್ಶಿಗಳಿಗೆಲ್ಲ ಹೊಸ ಗುರುತಿನ ಚೀಟಿ ಕೊಡುತ್ತೇವೆ, ಹೊಸಬರೂ ಅರ್ಜಿ ಹಾಕಬಹುದು ಎಂಬ ಪ್ರಕಟಣೆಯನ್ನು ಸಮಿತಿಯು ಗುಡಿಯ ಬಾಗಿಲಿಗೆ ಅಂಟಿಸಿತು. ಅದರಲ್ಲಿ ಎರಡು ಷರತ್ತುಗಳಿದ್ದವು. ಅರ್ಜಿಯನ್ನು ಜಾಲತಾಣದ ಮೂಲಕವೇ ಸಲ್ಲಿಸಬೇಕು, ಕಾಗದದ ಅರ್ಜಿ ನಡೆಯುವುದಿಲ್ಲ. ಚೀಟಿಯಿಲ್ಲದವರು ಇನ್ನು ಮುಂದೆ ಬಸದಿಗಳೂ ಸೇರಿದಂತೆ ಯಾವ ಆವರಣದಲ್ಲೂ ಪ್ರವಾಸಿಗಳಿಗೆ ವಿವರಣೆ ಕೊಡುವಂತಿಲ್ಲ. ಅಂದರೆ ಚೀಟಿ ಸಿಕ್ಕರೆ ಸರದಿ. ಸಿಗದಿದ್ದರೆ ಇರುವ ಬಸದಿಯೂ ಇಲ್ಲ.

ಅಕ್ಕ ಮೊದಲು ಭಾವನ ಮೊಬೈಲಿನಲ್ಲಿ ಪ್ರಯತ್ನಿಸಿದಳು. ಆ ಕಾಲದ ಮೊಬೈಲುಗಳಲ್ಲಿ ಅಂತರಜಾಲ ಸಿಗುತ್ತಿತ್ತು, ಕುಂಟುತ್ತ. ಪರದೆಯ ಮೇಲೆ ಮೊದಲು ಮೂಡತೊಡಗಿದ್ದು ಗಣ್ಯರ ಭಾವಚಿತ್ರ. ಹಣೆ ಬಂತು, ಕಣ್ಣು ಬಂತು, ಕೊರಳಿನ ಹಾರ ಬರುವಷ್ಟರಲ್ಲಿ ಸಂಪರ್ಕ ಕಡಿಯಿತು. ಮತ್ತೆ ತೆರೆದರೆ ಮತ್ತೆ ಹಣೆ.

“ಮುಖ ತೋರ್ಸಕ್ಕೇ ಇಷ್ಟೊತ್ತು ತಗಂತಾರಲ್ಲೇ ಇವ್ರು, ಕೆಲ್ಸ ಯಾವಾಗ ಮಾಡ್ತಾರೆ?” ಎಂದು ಅವಳು ಫೋನಿನಲ್ಲಿ ನನ್ನನ್ನು ಕೇಳಿದಳು. ಅರಸೀಕೆರೆಗೇ ಬಂದುಬಿಡು ಎಂದೆ. ನಾನು ಆಗಷ್ಟೇ ಮೈಸೂರಿನ ಓದು ಮುಗಿಸಿ ಮನೆಗೆ ಬಂದಿದ್ದೆ.

ರೈಲು ನಿಲ್ದಾಣದ ರಸ್ತೆಯಲ್ಲಿದ್ದ ಸೈಬರ್ ಸೆಂಟರಿಗೆ ಇಬ್ಬರೂ ಹೋದೆವು. ಅಲ್ಲಿದ್ದವೆಲ್ಲ ಬೆನ್ನು ದಪ್ಪಗಿನ, ಮುಖ ಚಿಕ್ಕದಾದ ಹಳೆಯ ಮಾನಿಟರುಗಳು. ಬೆಂಗಳೂರಿನ ಕಚೇರಿಗಳು ತೆಗೆದುಹಾಕಿದ್ದನ್ನು ಮಾಲೀಕ ಕೊಂಡು ತಂದಿದ್ದ. ನಮ್ಮ ಸೀಮೆಯ ಸೈಬರ್ ಸೆಂಟರುಗಳಲ್ಲೆಲ್ಲ ಅಂಥವೇ ಇದ್ದವು. ಜಾಲತಾಣ ನಿಧಾನವಾಗಿ ತೆರೆದುಕೊಂಡಿತು. ಅಕ್ಕ ಹೇಳಿದಳು, ನಾನು ತುಂಬಿದೆ. ಧರ್ಮದ ಕಲಮಿನಲ್ಲಿ ನಮ್ಮದಾದ ಬೌದ್ಧ ಎಂಬ ಆಯ್ಕೆಯೇ ಇರಲಿಲ್ಲ. ಕೊನೆಯಲ್ಲಿ ‘ಇತರೆ’ ಎಂದಿತ್ತು. ನನ್ನ ಕೈ ತಡೆಯಿತು.

“ಇತರೆ ಅಂದ್ರೆ ನಾವೇ ಕಣೇ. ಒತ್ತು,” ಎಂದಳು ಅಕ್ಕ.

ಪುಟದ ಮೇಲೆ ಪುಟ ದಾಟಿ ಕೊನೆಯದಕ್ಕೆ ಬಂದೆವು. ನಾವು ಕೊಟ್ಟ ವಿವರಗಳೆಲ್ಲ ಮೇಲೆ ಕಾಣುತ್ತಿದ್ದವು. ಅದರ ಕೆಳಗೆ, ಪರದೆಯ ನಡುವೆ ದಪ್ಪಕ್ಷರದಲ್ಲಿ, “ಧನ್ಯವಾದಗಳು. ತಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ.” ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು. ನನಗೆ ಒಂದು ಸಂಗತಿ ಸರಿಕಾಣಲಿಲ್ಲ. ಅರ್ಜಿ ಸಂಖ್ಯೆ ಎಲ್ಲಿ ಎಂದು ಮಾಲೀಕನನ್ನು ಕೇಳಿದೆ.

“ಮೇಡಂ, ಥ್ಯಾಂಕ್ಸ್ ಅಂತ ಬಂತಲ್ಲ. ಗೌರ್ಮೆಂಟ್ ಕಡೆಯೋರು ಥ್ಯಾಂಕ್ಸ್ ಹೇಳಿದ್ದೇ ಹೆಚ್ಚು, ನಂಬರ್ ಬೇರೆ ಕೇಳ್ತೀರಲ್ಲ,” ಎಂದ ಅವನು.

ನಕ್ಕು ಎದ್ದೆವು. ಅಕ್ಕ ಸಂಜೆಯ ಬಸ್ಸಿಗೆ ಊರಿಗೆ ಹೋದಳು.

ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ತಿರಸ್ಕೃತರಾದವರ ಪಟ್ಟಿಯೂ ಪಕ್ಕದಲ್ಲಿತ್ತು, ಅದರಲ್ಲೂ ಇರಲಿಲ್ಲ. ಅವಳು ಎಲ್ಲಿಯೂ ಇರಲಿಲ್ಲ. ವಿಷಯ ತಿಳಿದು ನಾನು ಹೋದಾಗ ಅವಳು ಬಸದಿಯ ಗೇಟಿನ ಹೊರಗೆ ನಿಂತಿದ್ದಳು, ಕಾವಲುಗಾರ ಗೇಟಿನ ಒಳಗೆ. ಇಬ್ಬರೂ ಇರುಸುಮುರುಸಿನಿಂದ ಬೇರೆ ಬೇರೆ ಕಡೆ ನೋಡುತ್ತಿದ್ದರು.

“ಒಳೀಕೆ ಬರಬ್ಯಾಡಿ ಅನ್ನಲ್ಲ ಕಣಕ್ಕ, ಬಂದು ಕೈ ಮುಗುದು ಹೋಗಿ. ಬಾಯಿ ಮಾತ್ರ ತಗೀಬ್ಯಾಡಿ. ನನ್ನ ಕೆಲ್ಸಕ್ಕೆ ಬತ್ತದೆ,” ಎಂದ ಅವನು.

ಮನೆಗೆ ಬಂದ ಮೇಲೆ ಅಕ್ಕ ಒಂದೇ ಮಾತು ಹೇಳಿದಳು: “ಇತರೆ ಅಂತ ಒತ್ತಿದ್ವಲ್ಲ, ಅದಕ್ಕೇ ಕಣೇ.”

ನಾನು ಅದನ್ನು ನಂಬಿದೆ. ನಂಬಲು ಕಾರಣಗಳಿದ್ದವು. ನಮ್ಮ ಅಪ್ಪ ಶಾಲೆಯ ದಾಖಲಾತಿಯಲ್ಲಿ ಬೌದ್ಧ ಎಂದು ಬರೆಸಿದಾಗ ಮೇಷ್ಟರು ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದ್ದನ್ನು ನಾನು ಕಂಡವಳು. ಎಂಥ ನಯವಾದ ಪರದೆಯ ಹಿಂದೆಯೂ ಆ ಪೆನ್ನು ಕೆಳಗಿಡುವ ಕೈ ಇರಬಹುದೆಂಬ ಗುಮಾನಿ ನಮ್ಮಂಥವರಿಗೆ ಕಲಿಸಿ ಬರುವುದಲ್ಲ.

ಆದರೆ ಆ ಗುಮಾನಿ ಎರಡು ದಿನವೂ ನಿಲ್ಲಲಿಲ್ಲ. ಬಸದಿಯ ಹತ್ತಿರದ ಜೈನ ಕುಟುಂಬವೊಂದರ ಯುವಕ, ಅಂಗಡಿ ನೋಡಿಕೊಳ್ಳುತ್ತ ಬಿಡುವಿನಲ್ಲಿ ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದವನು, ಅಕ್ಕನನ್ನು ಹುಡುಕಿಕೊಂಡು ಮನೆಗೆ ಬಂದ.

“ಅಕ್ಕಾ, ನಂದೂ ಇಲ್ಲ. ಅದ್ರಲ್ಲೂ ಇಲ್ಲ, ಇದ್ರಲ್ಲೂ ಇಲ್ಲ.”

“ನೀನೇನು ಇತರೆ ಅಲ್ವಲ್ಲೋ,” ಎಂದಳು ಅಕ್ಕ.

“ಅಲ್ಲ. ಜೈನ ಅಂತಾನೇ ಇತ್ತು, ಅದನ್ನೇ ಒತ್ತಿದ್ದು. ಜಾವಗಲ್ಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಲ್ಲಿ ತುಂಬ್ಸಿದ್ದೆ. ಥ್ಯಾಂಕ್ಸ್ ಅಂತಾನೂ ಬಂತು.” ಆಮೇಲೆ ದನಿ ತಗ್ಗಿಸಿ, “ಇದು ಜಾತಿ ಅಲ್ಲ ಕಣಕ್ಕ, ವ್ಯಾಪಾರ. ನಮ್ಮ ಮನೇಲಿ ನಾಲ್ಕು ತಲೆಮಾರಿಂದ ಮಾಡಿರೋದು ಅದೇ ಅಲ್ವಾ, ವಾಸನೆ ಗೊತ್ತಾಗುತ್ತೆ,” ಎಂದ.

ನನ್ನ ಅನುಮಾನ ಅವನ ಅನುಮಾನದ ಕಡೆಗೆ ತಿರುಗಿತು. ಪಟ್ಟಿಯಲ್ಲಿದ್ದವರು ಯಾರು ಎಂದು ವಿಚಾರಿಸುತ್ತ ಹೋದೆ. ನಾನು ಮಾತನಾಡಿಸಿದ ಹೊಸಬರೆಲ್ಲ ಒಂದೋ ಬೆಂಗಳೂರಿನ ಪ್ರವಾಸ ಕಂಪನಿಗಳ ಕಡೆಯಿಂದ ಅರ್ಜಿ ಹಾಕಿದವರು, ಇಲ್ಲವೇ ಬೇಲೂರಿನಲ್ಲಿ ಸಮಿತಿಯ ಕಚೇರಿಗೇ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ತುಂಬಿಸಿಕೊಂಡವರು. ಅರಸೀಕೆರೆ, ಬಾಣಾವರ, ಜಾವಗಲ್ಲುಗಳ ಸೈಬರ್ ಸೆಂಟರುಗಳಲ್ಲಿ ತುಂಬಿಸಿದ ಒಬ್ಬರ ಹೆಸರೂ ನನಗೆ ಸಿಗಲಿಲ್ಲ. ಇನ್ನೇನು ಬೇಕು ಎಂದುಕೊಂಡೆ. ಹಳ್ಳಿಯ ಕಡೆಯಿಂದ ಬಂದ ಅರ್ಜಿಗಳನ್ನು ಯಾರೋ ಕೂತು ಅಳಿಸಿದ್ದಾರೆ. ಯಾರೆಂದು ಹೆಸರು ಹಿಡಿದು ಹೇಳಿಸಬೇಕೆಂದೇ ನಾನು ಬೇಲೂರಿನ ಬಸ್ಸು ಹತ್ತಿದ್ದು.

ಸಮಿತಿಯ ಅಧಿಕಾರಿ ನನ್ನನ್ನು ಮರ್ಯಾದೆಯಿಂದಲೇ ಕೂರಿಸಿದರು. ಅವರ ಮೇಜಿನ ಮೇಲೆ ಆಗ ಹೊಸತಾಗಿ ಬಂದಿದ್ದ ಅಗಲವಾದ, ತೆಳ್ಳನೆಯ ಪರದೆಯಿತ್ತು. ಅಕ್ಕನ ಅರ್ಜಿ ಏನಾಯಿತು ಎಂದು ಕೇಳಿದೆ. ಹುಡುಕಿಸಿ, ಬಂದೇ ಇಲ್ಲ ಎಂದರು.

“ಸ್ವೀಕರಿಸಲಾಗಿದೆ ಎಂದು ನಿಮ್ಮ ಜಾಲತಾಣವೇ ಹೇಳಿದೆ ಸರ್,” ಎಂದೆ.

“ಕೊನೇಲಿ ಸಲ್ಲಿಸು ಒತ್ತಿದ್ರಾ?”

“ಯಾವ ಸಲ್ಲಿಸು?”

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ಆ ಕೊನೆಯ ಪುಟವನ್ನು ತೆರೆದರು. ವಿವರಗಳು, ಅದರ ಕೆಳಗೆ ಧನ್ಯವಾದ. ಅದಕ್ಕೂ ಬಹಳ ಕೆಳಗೆ, ಬಲತುದಿಯಲ್ಲಿ, ನಾನು ಎಂದೂ ಕಾಣದ ಒಂದು ನೀಲಿ ಗುಂಡಿ. ಅದರ ಮೇಲೆ ‘ಸಲ್ಲಿಸು’ ಎಂದು ಬರೆದಿತ್ತು.

“ಇಷ್ಟು ದೊಡ್ಡದಾಗಿದೆಯಲ್ಲಮ್ಮ. ಓದಿದವರು ನೀವು, ಕಣ್ಣಿಗೆ ಕಾಣಲಿಲ್ವೇ?”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಜಾಲತಾಣವನ್ನು ಮಾಡಿಕೊಡುವ ಗುತ್ತಿಗೆ ಹಿಡಿದ ವಿನ್ಯಾಸಕಾರನೇ ಅವನು. ಕೈಯಲ್ಲಿ ಕಂಪ್ಯೂಟರ್ ಇರಲಿಲ್ಲ. ರಟ್ಟಿನ ಕಡತದಲ್ಲಿ ಉದ್ದನೆಯ ಕಾಗದಕ್ಕೆ ಬಣ್ಣದಲ್ಲಿ ಅಚ್ಚು ಹಾಕಿಸಿದ ಹಾಳೆಗಳಿದ್ದವು. ಅಧಿಕಾರಿ ನನ್ನನ್ನು ಮರೆತು ಅವನ್ನು ಮೇಜಿನ ಮೇಲೆ ಹರಡಿಕೊಂಡರು. ಜಾಲತಾಣಕ್ಕೆ ಸೇರಬೇಕಾಗಿದ್ದ ಇನ್ನೊಂದು ಪುಟ ಅದು. ಅವರು ಹಸಿರು ಶಾಯಿಯ ಪೆನ್ನು ತೆಗೆದು, ಶೀರ್ಷಿಕೆಯನ್ನು ದಪ್ಪ ಮಾಡಿ ಎಂದು ಅಂಚಿನಲ್ಲಿ ಬರೆದು, ಪ್ರತಿ ಹಾಳೆಯ ಬುಡಕ್ಕೂ ಸಹಿ ಹಾಕಿದರು.

“ಸರ್, ಇದನ್ನು ಕಂಪ್ಯೂಟರಿನಲ್ಲಿ ನೋಡುವುದಿಲ್ಲವೇ?” ಎಂದು ಕೇಳಿದೆ.

“ನೋಡಿ ಸಹಿ ಹಾಕಿದ ಮೇಲೆ ಮತ್ತೆ ನೋಡೋದು ಯಾಕಮ್ಮ? ಸಹಿಯಾದದ್ದನ್ನ ಇದ್ದ ಹಾಗೇ ಹಾಕೋದು ಇವರ ಜವಾಬ್ದಾರಿ.”

ವಿನ್ಯಾಸಕಾರ ನೆಲ ನೋಡುತ್ತಿದ್ದ. ಅವನು ಹೊರಟಾಗ ನಾನೂ ಹೊರಟೆ. ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ಅವನನ್ನು ನೇರವಾಗಿಯೇ ಕೇಳಿದೆ: ಗುಂಡಿಯನ್ನು ಅಲ್ಲಿ ಅಡಗಿಸಿಡಲು ಹೇಳಿದವರು ಯಾರು?

“ಅಡಗಿಸೋದಾ? ಅಯ್ಯೋ, ಅರ್ಜೀಲಿ ಅರ್ಜಿದಾರರ ಸಹಿ ಎಲ್ಲಿರುತ್ತೆ ಮೇಡಂ? ಬಲಗಡೆ ಕೆಳಗೆ. ಬಟನ್ ಅಲ್ಲೇ ಇರಬೇಕು ಅಂದ್ರು ಸಾಹೇಬ್ರು. ನಾನು ಮೊದ್ಲು ವಿವರದ ಪಕ್ಕದಲ್ಲೇ ಇಟ್ಟಿದ್ದೆ, ಹಸಿರಲ್ಲಿ ಬಾಣ ಎಳೆದು ಕೆಳಗಿಳಿಸಿದ್ರು.”

“ಒತ್ತುವ ಮೊದಲೇ ಧನ್ಯವಾದ ಏಕೆ ಬಂತು?”

“ಅದು ಬೇರೆ ಪುಟ ಇತ್ತು. ಎರಡೇ ಸಾಲಿಗೆ ಒಂದು ಹಾಳೆ ದಂಡ, ಹಿಂದಿನದ್ರಲ್ಲೇ ಜಾಗ ಖಾಲಿ ಇದೆಯಲ್ಲ, ಅಲ್ಲೇ ಸೇರಿಸು ಅಂದ್ರು.”

ಅವನನ್ನು ಎದುರಿನ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದೆ. ಅಲ್ಲಿಯೂ ಬೆನ್ನು ದಪ್ಪಗಿನ ಮಾನಿಟರೇ. ತನ್ನ ಜಾಲತಾಣವನ್ನು ತಾನೇ ತೆರೆದು ಕೊನೆಯ ಪುಟಕ್ಕೆ ಬಂದ. ಧನ್ಯವಾದದ ಸಾಲು ಪರದೆಯ ಬುಡಕ್ಕೆ ಬಂದು ನಿಂತಿತ್ತು. ಅದರ ಕೆಳಗಿನದ್ದೂ ಬಲಗಡೆಯದ್ದೂ ಕತ್ತರಿಸಿಹೋಗಿತ್ತು. ಅವನ ಕೈ ಪುಟವನ್ನು ಕೆಳಗೆ ಸರಿಸಲು ಹೋಯಿತು. ಸ್ಕ್ರೋಲ್ ಬಾರ್ ಎನ್ನುವ ಆ ಸರಿಸುವ ಪಟ್ಟಿಯೇ ಅಲ್ಲಿರಲಿಲ್ಲ. ಅದನ್ನೂ ತೆಗೆಸಿದ್ದರಂತೆ: ಒಂದು ದಿನ ಪರದೆಯ ಮೇಲೆ ಕಣ್ಣಾಡಿಸಿದ ಅಧಿಕಾರಿ, ಸಹಿಯಾದ ಹಾಳೆಯಲ್ಲಿ ಇಲ್ಲದ ಈ ಪಟ್ಟಿ ಎಲ್ಲಿಂದ ಬಂತು ಎಂದು ಕೇಳಿದ್ದರಂತೆ. ಅಚ್ಚಿನಲ್ಲಿದ್ದಂತೆಯೇ ಕಾಣಬೇಕೆಂದು ಇವನು ಇಡೀ ಪುಟವನ್ನು ಒಂದೇ ಚಿತ್ರವಾಗಿ ಮಾಡಿ, ತುಂಬುವ ಖಾನೆಗಳನ್ನು ಅದರ ಮೇಲೆ ಕೂರಿಸಿದ್ದ. ಭಾವನ ಮೊಬೈಲು ಹಣೆ ಕಣ್ಣುಗಳಲ್ಲೇ ಸುಸ್ತಾದದ್ದು ಆ ಭಾರಕ್ಕೆ.

“ಬೇರೆ ಯಾವ ಮಾನಿಟರಲ್ಲೂ ನೋಡಿರ್ಲಿಲ್ಲ. ನಮ್ಮ ಅಂಗಡೀಲಿರೋದೂ ಅಗಲದ್ದೇ,” ಎಂದ. ನಂತರ, “ಆದ್ರೆ ಮೇಡಂ, ಹಿಂದಿನ ಪುಟಗಳಲ್ಲಿ ತುಂಬಿದ್ದೆಲ್ಲ ಮುಂದೆ ಹೋದ ಹಾಗೆ ಸೇವ್ ಆಗಿರುತ್ತೆ. ನಿಮ್ಮಕ್ಕನದೂ ಇರುತ್ತೆ ಒಳಗೆ,” ಎಂದ.

ಜಾಲತಾಣವೆಂದರೆ ಗೋಡೆಗೆ ಅಂಟಿಸುವ ಹಾಳೆಯಲ್ಲ. ಹಾಳೆಯ ಅಳತೆ ಅಚ್ಚು ಹಾಕಿದವನ ಕೈಯಲ್ಲಿರುತ್ತದೆ. ಜಾಲತಾಣದ ಅಳತೆ ಅದನ್ನು ತೆರೆದವನ ಕೈಯಲ್ಲಿರುತ್ತದೆ. ಒಬ್ಬನದು ಅಗಲದ ಪರದೆ, ಒಬ್ಬಳದು ಅಂಗೈಯಗಲದ ಮೊಬೈಲು, ಒಬ್ಬರದು ಯಾರೋ ಬಿಸಾಡಿದ ಮಾನಿಟರು. ಅಕ್ಷರ ಚಿತ್ರವಾಗದೆ ಅಕ್ಷರವಾಗಿಯೇ ಉಳಿದು, ಕಿರಿದಾದಲ್ಲಿ ಸಾಲು ಮುರಿದುಕೊಂಡು ಕೆಳಗಿಳಿಯಬೇಕು. ಒತ್ತಬೇಕಾದದ್ದು ಓದಿ ಮುಗಿಸಿದ ಜಾಗದಲ್ಲೇ ಕೈಗೆ ಸಿಗಬೇಕು. ಆದ ಕೆಲಸಕ್ಕೆ ಆಯಿತೆನ್ನಬೇಕು, ಆಗದ ಕೆಲಸಕ್ಕೆ ಆಗಲಿಲ್ಲವೆನ್ನಬೇಕು. ಇವನ್ನು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ. ಕಚೇರಿಯಿಂದ ಹೊರಬಿದ್ದು, ರಸ್ತೆ ದಾಟಿ, ಎದುರಿನ ಸೈಬರ್ ಸೆಂಟರಿನಲ್ಲಿ ಒಮ್ಮೆ ಕೂತರೆ ಸಾಕಿತ್ತು.

ವಿನ್ಯಾಸಕಾರನನ್ನು ಕರೆದುಕೊಂಡು ಅಧಿಕಾರಿಯ ಬಳಿಗೆ ಮತ್ತೆ ಹೋದೆ. ನಾನು ಕಂಡದ್ದನ್ನು ಹೇಳಿದೆ. ಅವನು ನನ್ನ ಹಿಂದೆ ನಿಂತಿದ್ದನೇ ಹೊರತು ಬಾಯಿ ಬಿಡಲಿಲ್ಲ. ಸಹಿಯಾದದ್ದನ್ನು ತಪ್ಪೆಂದು ಸಹಿ ಹಾಕಿದವರ ಎದುರಿಗೇ ಹೇಳುವ ಧೈರ್ಯ ಅವನಿಗಿರಲಿಲ್ಲ.

“ನೋಡಿ ಅಮ್ಮ,” ಎಂದರು ಅಧಿಕಾರಿ, “ಗುಂಡಿ ಒತ್ತಿದವರು ಅರ್ಜಿದಾರರು. ಒತ್ತದವರು ಅರ್ಜಿದಾರರೇ ಅಲ್ಲ. ಅರ್ಜಿದಾರರಲ್ಲದವರ ಮನವಿಯನ್ನು ನಾನು ಹೇಗೆ ತಗೊಳ್ಳಲಿ? ಜಾಲತಾಣದಲ್ಲಿ ದೋಷವಿಲ್ಲ. ಬೇಕಾದಷ್ಟು ಜನ ಹಾಕಿದ್ದಾರೆ.”

“ಎಲ್ಲಿಂದ ಹಾಕಿದ್ದಾರೆ ಸರ್?”

ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟೆ. ಆಮೇಲೆ ಹೋದಾಗಲೆಲ್ಲ ಬೆಂಚು ಮಾತ್ರ ಸಿಕ್ಕಿತು, ಅಧಿಕಾರಿ ಸಿಗಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದನ್ನು ದಡ್ಡತನವೆಂದು ಬರೆದು ಬಿಟ್ಟುಬಿಡುತ್ತಿದ್ದೆನೇನೋ. ಮುಗಿಯಲಿಲ್ಲ. ಕೆಲವು ವಾರಗಳ ನಂತರ ಅರಸೀಕೆರೆಯ ಅದೇ ಸೈಬರ್ ಸೆಂಟರಿನಲ್ಲಿ, ಬೇರೆ ಕೆಲಸಕ್ಕೆ ಹೋದವಳು, ಸುಮ್ಮನೆ ಆ ಜಾಲತಾಣವನ್ನು ತೆರೆದೆ. ಗುಂಡಿ ವಿವರಗಳ ಕೆಳಗೇ ಬಂದು ಕೂತಿತ್ತು. ಧನ್ಯವಾದ ಬೇರೆ ಪುಟಕ್ಕೆ ಹೋಗಿತ್ತು. ಪಕ್ಕದಲ್ಲಿ ಸರಿಸುವ ಪಟ್ಟಿಯೂ ಇತ್ತು. ಗಣ್ಯರ ಭಾವಚಿತ್ರವೊಂದೇ ಮೊದಲಿನಷ್ಟೇ ದೊಡ್ಡದಾಗಿ ಉಳಿದಿತ್ತು. ತಿದ್ದಿದ್ದೇವೆಂಬ ಒಂದು ಸಾಲಿನ ಪ್ರಕಟಣೆಯೂ ಎಲ್ಲಿಯೂ ಇರಲಿಲ್ಲ. ಅರ್ಜಿಯ ಅವಧಿ ಮುಗಿದಿದೆ ಎಂಬ ಸಾಲು ಮಾತ್ರ ಮೇಲೆ ಓಡುತ್ತಿತ್ತು.

ದೋಷವಿಲ್ಲವೆಂದವರು ಯಾವುದನ್ನು ತಿದ್ದಿದರು? ಯಾರ ಹಸಿರು ಸಹಿಯ ಮೇಲೆ ತಿದ್ದಿದರು? ಗೊತ್ತಿಲ್ಲದೆ ಮಾಡಿದ ತಪ್ಪನ್ನು ಗೊತ್ತಾದ ಮೇಲೆ ಮುಚ್ಚಿಟ್ಟರೆ ಅದನ್ನು ಏನೆಂದು ಕರೆಯಬೇಕು? ಕಚೇರಿಯ ಕಂಪ್ಯೂಟರಿನಲ್ಲಿ ಕೂತವರಿಗೆ ಮೊದಲಿನಿಂದಲೂ ಗುಂಡಿ ಕಾಣುತ್ತಿತ್ತು. ಅಲ್ಲಿ ಕೂರುವ ಭಾಗ್ಯ ಯಾರಿಗೆ, ಯಾವ ಲೆಕ್ಕದ ಮೇಲೆ ಸಿಕ್ಕಿತು ಎಂಬುದು ಇಂದಿಗೂ ನನಗೆ ತಿಳಿಯದು. ಆ ಜೈನ ಯುವಕನ ಮೂಗನ್ನು ನಾನು ಪೂರ್ತಿ ನಂಬುವುದಿಲ್ಲ. ಪೂರ್ತಿ ಅಲ್ಲಗಳೆಯುವುದೂ ಇಲ್ಲ.

ಅಕ್ಕ ಈಗಲೂ ಬಸದಿಗೆ ಹೋಗುತ್ತಾಳೆ. ಅವಳ ಬಗ್ಗೆ ಪರಿಚಯದವರಿಂದ ಕೇಳಿ ಬರುವ ಕುಟುಂಬಗಳು ಗೇಟಿನ ಹೊರಗೇ ಅವಳನ್ನು ಅತ್ತೆ ಎಂದೋ ಚಿಕ್ಕಮ್ಮ ಎಂದೋ ಕರೆಯಲು ಒಪ್ಪಿಕೊಳ್ಳುತ್ತವೆ. ಒಳಗೆ ಅವಳು ನೆಂಟರಿಗೆ ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ಕಳೆದ ಸಲ ನಾನೂ ಜೊತೆಗಿದ್ದೆ.

“ಅಕ್ಕಾ, ಹೋದ ವಾರ ಗುಜರಾತಿನೋರು, ಇವತ್ತು ಮದ್ರಾಸಿನೋರು. ಎಲ್ಲೆಲ್ಲಿ ಹೆಣ್ಣು ಕೊಟ್ಟಿದ್ದೀರಿ ನೀವು?” ಎಂದ ಕಾವಲುಗಾರ.

“ನಮ್ದು ದೊಡ್ಡ ವಂಶ ಕಣಪ್ಪ,” ಎಂದಳು ಅಕ್ಕ. ಅವನು ನಕ್ಕು ಗೇಟು ಬಿಟ್ಟ. ಹಿಂದಿರುಗುವಾಗ ಅವಳು ನಗುತ್ತಿರಲಿಲ್ಲ. “ಇವನು ಒಳ್ಳೇನು. ಇವನಿಗೆ ವರ್ಗ ಆದ್ರೆ ಮುಗೀತು,” ಎಂದಳು. ಅನಂತರ, ಸ್ವಲ್ಪ ದೂರ ನಡೆದ ಮೇಲೆ, “ಓದಿದ್ದನ್ನ ಕದ್ದು ಹೇಳೋ ಹಂಗಾಯ್ತಲ್ಲೇ,” ಎಂದಳು.

ಆದ್ದರಿಂದ ಸಮಿತಿಯನ್ನು ನಾನು ಈ ಮೂಲಕ ವಿಧಿವತ್ತಾಗಿ ಕೇಳುತ್ತಿದ್ದೇನೆ. ಅರ್ಜಿಯ ಪುಟಗಳನ್ನು ಪ್ರಕಟಿಸುವ ಮೊದಲು ನಿಮ್ಮ ಕಚೇರಿಯ ಹೊರಗಿನ ಯಾವುದಾದರೂ ಒಂದು ಪರದೆಯಲ್ಲಿ, ಒಂದು ಮೊಬೈಲಿನಲ್ಲಿ, ಯಾರಾದರೂ ತೆರೆದು ನೋಡಿದ್ದರೇ ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಗುಂಡಿಯ ಜಾಗವನ್ನು ಬದಲಿಸುವ ಆದೇಶ ಯಾರದು, ಅದನ್ನು ಜನರಿಗೆ ಏಕೆ ತಿಳಿಸಲಿಲ್ಲ ಎಂಬುದನ್ನೂ, ಕಚೇರಿಯ ಕಂಪ್ಯೂಟರಿನಿಂದ ಸಲ್ಲಿಕೆಯಾದ ಅರ್ಜಿಗಳು ಯಾರವು ಎಂಬುದನ್ನೂ ಬಹಿರಂಗಪಡಿಸಿ. ಮಾಹಿತಿ ಹಕ್ಕಿನಡಿ ಇದೇ ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಸಲ್ಲಿಸಿದ್ದೇನೆ. ಕೊನೆಯ ಪುಟದವರೆಗೆ ಬಂದು ಧನ್ಯವಾದ ಓದಿ ಎದ್ದುಹೋದವರ ವಿವರಗಳು ನಿಮ್ಮ ಯಂತ್ರದಲ್ಲೇ ಉಳಿದಿವೆ. ಅವುಗಳನ್ನು ಅಳಿಸದೆ ಕಾಪಾಡಿ, ಅವರೆಲ್ಲರನ್ನೂ ಅವಧಿಯೊಳಗೆ ಅರ್ಜಿ ಸಲ್ಲಿಸಿದವರೆಂದು ಪರಿಗಣಿಸಿ, ನನ್ನ ಅಕ್ಕನೂ ಸೇರಿದಂತೆ ಅವರನ್ನು ಸಂದರ್ಶನಕ್ಕೆ ಕರೆಯಬೇಕೆಂದು ಕೋರುತ್ತೇನೆ. ಅವರ ಅರ್ಹತೆಯನ್ನು ನೀವು ಪರೀಕ್ಷಿಸಿ ತಿರಸ್ಕರಿಸಿದರೆ ನನ್ನ ತಕರಾರಿಲ್ಲ. ಪರೀಕ್ಷೆಯೇ ಇಲ್ಲದೆ ಇಲ್ಲವಾಗಿಸಿದ್ದಕ್ಕೆ ಉತ್ತರ ಬೇಕು, ಮತ್ತು ಆ ಉತ್ತರ ಅವಳಿಗೆ, ಅವಳ ಬಸ್ತಿಹಳ್ಳಿಯ ವಿಳಾಸಕ್ಕೆ ಬರಬೇಕು.